ಕವಿತಾಳದ ದಪ್ಪು, ಜಾಲಹಳ್ಳಿಯ ಜವಾಬು

ಮಾನವಿ
೧೨ ಜನವರಿ ೨೦೨೫

ದೋಆಬ ಸಾರ್ವಜನಿಕ ವಾಚನಾಲಯ, ರಾಯಚೂರು. ಅಲ್ಲಿ ಪುಸ್ತಕ ನೋಡಿಕೊಳ್ಳುವವರು ಯಾರಿದ್ದರೂ ಅವರಿಗೆ ಅಕ್ಕಿ ಅಂಗಡಿ ವಿರೂಪಣ್ಣನ ಶರಣು.

ಹೋದ ವಾರ ನಿಮ್ಮಲ್ಲಿಗೆ ಬಂದಿದ್ದೆ. ಬಾಗಿಲ ಪಕ್ಕ ಒಂದು ಕಂಪ್ಯೂಟರ್ ಇಟ್ಟು, ‘ಬೇಕಾದ ಪುಸ್ತಕ ನೀವೇ ಹುಡುಕಿ’ ಎಂದು ಬರೆದಿದ್ದೀರಿ. ಹುಡುಕಿದೆ. ನನಗೆ ಬೇಕಾಗಿದ್ದು ರಿವಾಯತ ಪದಗಳ ಪುಸ್ತಕ. ಮೊಹರಂನಲ್ಲಿ ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುತ್ತಾರಲ್ಲ, ಆ ಪದ. ‘ರಿವಾಯತ’ ಎಂದು ಒತ್ತಿದರೆ ಏನೂ ಇಲ್ಲ ಎಂದಿತು. ‘ಮೊಹರಂ’ ಎಂದು ಒತ್ತಿದೆ, ನಾಲ್ಕು ಹೆಸರು ಬಂದವು. ಒಂದು, ಮೊಹರಂ ಹಾಡುಗಳ ಬಗ್ಗೆ ಯಾರೋ ಬರೆದ ಪ್ರಬಂಧ. ಇನ್ನೊಂದು, ಮೊಹರಂ ಬಗ್ಗೆ ಯಾರೋ ಮಾಡಿದ ಭಾಷಣ. ಮತ್ತೊಂದು ಮಕ್ಕಳಿಗೆ ಹಬ್ಬಗಳ ಬಗ್ಗೆ. ಕೊನೆಯದು ಸರ್ಕಾರಿ ರಜೆಗಳ ಪಟ್ಟಿ.

ನಾನು ಹರಿದ ಗೋಣಿಚೀಲ ಹೊಲಿಯುವುದರಿಂದ ಶುರು ಮಾಡಿ ಇವತ್ತು ನನ್ನದೇ ಅಂಗಡಿ ಇಟ್ಟವನು. ನನ್ನ ಚೀಲದ ಮೇಲೆ ಸೋನಾ ಮಸೂರಿ ಎಂದು ಬರೆದಿದ್ದರೆ ಒಳಗೆ ಸೋನಾ ಮಸೂರಿ ಇರುತ್ತದೆ, ಸೋನಾ ಮಸೂರಿಯ ಬಗ್ಗೆ ಭಾಷಣ ಇರುವುದಿಲ್ಲ. ಹಾಡು ಬೇರೆ, ಹಾಡಿನ ಬಗ್ಗೆ ಮಾತು ಬೇರೆ ಎಂದು ವಿಂಗಡಿಸುವವರು ನಿಮ್ಮಲ್ಲಿ ಯಾರೂ ಇಲ್ಲವೆ?

ಆ ಪುಸ್ತಕ ಯಾಕೆ ಬೇಕು ಎಂದು ಕೇಳಬೇಡಿ. ಅಕ್ಕಿ ಕೊಳ್ಳಲು ಬಂದವರನ್ನು ಅನ್ನಕ್ಕೋ ದೋಸೆಗೋ ಎಂದು ನಾನು ಕೇಳುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಜಗಳ ಬರುತ್ತದೆ, ಕಾಗದದಲ್ಲಿ ವ್ಯವಹಾರ ಬರುತ್ತದೆ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಕಳಿಸಿರಿ.

ವಿರೂಪಣ್ಣ


ರಾಯಚೂರು
೨೭ ಜನವರಿ ೨೦೨೫

ಶ್ರೀ ವಿರೂಪಣ್ಣನವರಿಗೆ ನಮಸ್ಕಾರ.

ನಿಮ್ಮ ಪತ್ರ ನನ್ನ ಮೇಜಿಗೆ ಬಂದಿದೆ. ಈ ವಾಚನಾಲಯದಲ್ಲಿ ಕ್ಯಾಟಲಾಗ್ ಮಾಡುವವಳು ನಾನು, ಹೆಸರು ದುರ್ಗಾ. ವಿಂಗಡಿಸುವವರು ಯಾರೂ ಇಲ್ಲವೆ ಎಂದು ಕೇಳಿದ್ದೀರಿ. ಇದ್ದೇನೆ, ಆದರೆ ತಡವಾಗಿ ಬಂದೆ.

ನಮ್ಮ ಹಳೆಯ ದಾಖಲೆಗಳಲ್ಲಿ ‘ವಿಷಯ’ ಎಂಬ ಒಂದು ಸಾಲಿದೆ. ಪುಸ್ತಕ ಯಾವುದರ ಬಗ್ಗೆ ಎಂದು ಅದು ಹೇಳುತ್ತದೆ. ಪುಸ್ತಕ ಏನು ಎಂದು ಹೇಳುವ ಸಾಲು ಇರಲಿಲ್ಲ. ನಾಟಕ, ನಾಟಕದ ವಿಮರ್ಶೆ, ನಟನ ಜೀವನಚರಿತ್ರೆ, ಎಲ್ಲವೂ ‘ನಾಟಕ’ ಎಂಬ ಒಂದೇ ಹೆಸರಿನ ಕೆಳಗೆ ಕೂತಿವೆ. ಹೋದ ವರ್ಷದಿಂದ ನಾನು ‘ರೂಪ’ ಎಂಬ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ. ಕಥೆ, ಪಂಚಾಂಗ, ಭಜನೆ ಪದ, ಪ್ರವಾಸ ಕಥನ, ಹೀಗೆ. ಒಂದೊಂದೇ ಕಪಾಟು ಮುಗಿಸುತ್ತ ಹೋಗಬೇಕು.

‘ರಿವಾಯತ’ ಎಂಬ ಹೆಸರು ನಮ್ಮ ಒಪ್ಪಿತ ಪಟ್ಟಿಯಲ್ಲಿಲ್ಲ. ‘ಎಲ್ಲಾ ಜಾನಪದ ಗೀತೆ ಅಂತ ಹಾಕವ್ವಾ, ಮುಗೀತು’ ಎನ್ನುತ್ತಾರೆ ನಮ್ಮ ಮೇಲಧಿಕಾರಿ ಹಂಪಣ್ಣ ಸರ್. ಹೊಸ ಹೆಸರು ಸೇರಿಸಬೇಕಾದರೆ ಅದು ಬೇರೆಯದರಿಂದ ಹೇಗೆ ಬೇರೆ ಎಂದು ನಾನು ಕಾರಣ ಕೊಡಬೇಕು. ನೀವು ಹಾಡಿದವರೋ ಕೇಳಿದವರೋ ತಿಳಿಯದು. ಯಾರೇ ಆಗಿರಲಿ, ರಿವಾಯತ ಎಂದರೇನು ಎಂದು ನಿಮ್ಮ ಮಾತಿನಲ್ಲಿ ಬರೆದು ಕಳಿಸಿದರೆ ಕಡತಕ್ಕೆ ಸೇರಿಸುತ್ತೇನೆ. ನನಗೆ ಗೊತ್ತಿಲ್ಲವೆಂದಲ್ಲ. ನನ್ನ ಮಾತೇ ನನಗೆ ಸಾಕ್ಷಿಯಾಗುವುದಿಲ್ಲ.

ದುರ್ಗಾ


ಮಾನವಿ
೩ ಫೆಬ್ರವರಿ ೨೦೨೫

ದುರ್ಗಾ ಮೇಡಂ ಅವರಿಗೆ,

ತೊಗರಿ, ಹೆಸರು, ಅಲಸಂದಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ‘ಕಾಳು’ ಎಂದು ಚೀಟಿ ಹಚ್ಚಿದರೆ ನಿಮ್ಮ ಹಂಪಣ್ಣ ಸರ್ ಮನೆಯಲ್ಲಿ ಬೇಳೆ ಹೇಗೆ ಬೇಯಿಸುತ್ತಾರೆ? ಅವರನ್ನೇ ಕೇಳಿ.

ರಿವಾಯತ ಒಬ್ಬರೇ ಹಾಡುವ ಪದವಲ್ಲ. ಎರಡು ಮೇಳ ಬೇಕು. ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ಸವಾಲು ಹಾಕುವವನ ಬಳಿ ಜವಾಬು ತಯಾರಿರಬೇಕು, ಸುಮ್ಮನೆ ಬಾಯಿಗೆ ಬಂದದ್ದು ಕೇಳುವಂತಿಲ್ಲ. ಜವಾಬು ಕೊಡಲಾರದ ಮೇಳ ತನ್ನ ದಪ್ಪನ್ನು, ಅಂದರೆ ಪದಕ್ಕೆ ಬಾರಿಸುವ ಚರ್ಮದ ವಾದ್ಯವನ್ನು, ಗೆದ್ದವರಿಗೆ ಒಪ್ಪಿಸಬೇಕು. ಜವಾಬು ತಂದು ಹಾಡಿದ ದಿನ ಅದು ವಾಪಸು. ಇದು ನಮ್ಮ ಕಡೆಯ ಕಟ್ಟಳೆ.

ಎಂಬತ್ತೈದರ ಮೊಹರಂನಲ್ಲಿ ನಮ್ಮ ಕವಿತಾಳದ ಮೇಳ ಜಾಲಹಳ್ಳಿಗೆ ಹೋಗಿತ್ತು. ನಮ್ಮ ಗುರು ದರ್ಜಿ ಮುಷರ್ರಫ್ ಮಾಸ್ತರು, ಅವರ ಪಕ್ಕ ದನಿಗೂಡಿಸುವವರಲ್ಲಿ ನಾನೊಬ್ಬ. ಜಾಲಹಳ್ಳಿ ಕೇರಿಯ ರಾಮಲಿಂಗಪ್ಪ ಎಂಬ ಆಸಾಮಿ ಹಾಕಿದ ಸವಾಲು ಇದು:

ಅಂದು ಬೇಡಿದವರಿಗೆ ಕೊಡಲಿಲ್ಲ ಯಾರೂ
ಇಂದು ಬೇಡದವರಿಗೂ ಕರೆದು ಕೊಡತಾರ
ಕಣ್ಣ ಮುಂದ ಅದ, ಕಾಣವಲ್ದು ನಿಮಗ
ಏನಂತ ಹೇಳಿ ದಪ್ಪು ಬಾರಿಸ್ರಿ

ನಾವು ‘ನ್ಯಾಯ’ ಎಂದೆವು. ತಲೆ ಅಲ್ಲಾಡಿಸಿದ. ‘ದಯೆ’ ಎಂದೆವು, ‘ಮಾಫಿ’ ಎಂದೆವು. ‘ಇನ್ನೂ ಮ್ಯಾಲ ನೋಡಾಕತ್ತೀರಿ, ಕೆಳಗ ನೋಡ್ರಿ’ ಎಂದು ನಕ್ಕ. ಬಾಯಿಬಡುಕ, ಒಳ್ಳೆ ಗಟ್ಟಿ ಆಸಾಮಿ. ದಪ್ಪು ಕೊಟ್ಟು ಬಂದೆವು. ಅವತ್ತಿನಿಂದ ಕವಿತಾಳದ ಮೇಳ ಹಾಡಿಲ್ಲ. ಆತ ತೀರಿಕೊಂಡ ಸುದ್ದಿ ಬಂತು. ಸಾಯುವ ಮುಂಚೆ ಎಂದೋ ಜವಾಬನ್ನು ಅಚ್ಚು ಹಾಕಿಸಿ ರಾಯಚೂರಿನಲ್ಲಿ ಕೊಟ್ಟಿದ್ದ ಎಂದೂ ಒಬ್ಬರು ಹೇಳಿದರು. ಅದಕ್ಕೇ ನಿಮ್ಮ ಬಾಗಿಲಿಗೆ ಬಂದೆ.

ನನಗೇನೂ ಅವಸರವಿಲ್ಲ. ಕುತೂಹಲ, ಅಷ್ಟೆ.

ವಿರೂಪಣ್ಣ


ಮಾನವಿ
೧೪ ಮಾರ್ಚ್ ೨೦೨೫

ದುರ್ಗಾ ಮೇಡಂ ಅವರಿಗೆ,

ಶಿವರಾತ್ರಿ ಹೋಯಿತು, ನಿಮ್ಮ ಕಾಗದ ಬರಲಿಲ್ಲ. ಕಚೇರಿ ಎಂದರೆ ಏನು ಎಂದು ನನಗೂ ಗೊತ್ತಿದೆ. ಕಡತ ತಾನಾಗಿ ನಡೆಯುವುದಿಲ್ಲ. ಇದರ ಜೊತೆ ಬಸ್ಸಿನಲ್ಲಿ ಒಂದು ಸಣ್ಣ ಚೀಲ ಹೊಸ ಅಕ್ಕಿ ಕಳಿಸಿದ್ದೇನೆ. ಲಂಚ ಎಂದು ತಿಳಿಯಬೇಡಿ, ಸ್ಯಾಂಪಲ್ ಎಂದು ತಿಳಿಯಿರಿ.

ವಿರೂಪಣ್ಣ


ರಾಯಚೂರು
೨ ಏಪ್ರಿಲ್ ೨೦೨೫

ಶ್ರೀ ವಿರೂಪಣ್ಣನವರಿಗೆ,

ಅಕ್ಕಿಯನ್ನು ಅದೇ ಬಸ್ಸಿನಲ್ಲಿ ವಾಪಸು ಕಳಿಸಿದ್ದೇನೆ. ಕಂಡಕ್ಟರ್ ಶಕೀಲ್ ಅವರ ಕೈಯಿಂದ ತೆಗೆದುಕೊಳ್ಳಿ.

ಉತ್ತರ ತಡವಾದದ್ದು ಕಡತದಿಂದಲ್ಲ. ನೀವು ಬಾಯಿಬಡುಕ ಎಂದು ಬರೆದ ಜಾಲಹಳ್ಳಿ ಕೇರಿಯ ರಾಮಲಿಂಗಪ್ಪ ನನ್ನ ತಾತ. ಬಾಯಿ ಬಡಿಯುತ್ತಿದ್ದದ್ದು ನಿಜ. ಆದರೆ ಅದನ್ನು ಹೇಳುವ ಹಕ್ಕು ನಮ್ಮ ಅಜ್ಜಿ ಗೋಪಮ್ಮನದು, ಹೊರಗಿನವರದಲ್ಲ.

ನಿಮ್ಮ ಪತ್ರ ಓದಿ ಊರಿಗೆ ಹೋದೆ. ಆ ದಪ್ಪು ನಮ್ಮ ಮನೆಯ ನಡುಗೋಡೆಯ ಗೂಟಕ್ಕೆ ತೂಗುತ್ತದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅದು ನಮ್ಮದಲ್ಲ, ಯಾರದೋ ಇಟ್ಟ ಒಡವೆ ಎಂದಷ್ಟೇ ಗೊತ್ತಿತ್ತು. ಅಜ್ಜಿ ಅದನ್ನು ಆಗಾಗ ಬಿಸಿಲಿಗೆ ಇಡುತ್ತಾರೆ, ಚರ್ಮ ಸಡಿಲಾಗದಂತೆ ಪ್ರತಿ ಮೊಹರಂಗೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಬಾರಿಸುವುದಿಲ್ಲ, ಯಾರಿಗೂ ಬಾರಿಸಗೊಡುವುದಿಲ್ಲ.

‘ಜವಾಬು ಏನು ಬೇ ಅಜ್ಜಿ?’ ಎಂದು ಕೇಳಿದೆ.

‘ನನಗ ಹೇಳಿದ್ರಲ್ಲ ಆತ! ಮೂಗುತಿ ಎಲ್ಲಿಟ್ಟಾನ ಅಂತಾನೂ ಹೇಳತಿದ್ದಿಲ್ಲ, ಜವಾಬು ಹೇಳತಾನೇನು? ಅಚ್ಚು ಹಾಕ್ಸೀನಿ, ಓದು ಬಂದವರು ಓದ್ಲಿ ಅಂದ. ನನಗ ಓದು ಎಲ್ಲಿ ಬರ್ತದ.’

ನಮ್ಮ ಕ್ಯಾಟಲಾಗಿನಲ್ಲಿ ತಾತನ ಹೆಸರು ಹಾಕಿ ಹುಡುಕಿದೆ. ಇಲ್ಲ. ಜಾಲಹಳ್ಳಿ ಎಂದು ಹುಡುಕಿದೆ, ಅದೂ ಇಲ್ಲ. ಇನ್ನು ಕಪಾಟು ಕಪಾಟು ನೋಡಬೇಕು. ಸಿಕ್ಕರೆ ನಿಮಗೆ ಹೇಳುತ್ತೇನೋ ಇಲ್ಲವೋ ನನಗೇ ತಿಳಿಯದು. ಒಂದು ಮಾತು ಕೇಳುತ್ತೇನೆ. ಕವಿತಾಳದ ಮೇಳ ಮತ್ತೆ ಹಾಡದೇ ಹೋದದ್ದು ಸೋತದ್ದಕ್ಕೋ, ಕೇರಿಯವರಿಗೆ ಸೋತದ್ದಕ್ಕೋ?

ದುರ್ಗಾ


ಮಾನವಿ
೯ ಏಪ್ರಿಲ್ ೨೦೨೫

ತಂಗಿ ದುರ್ಗಾ,

ಮೇಡಂ ಎಂದು ಬರೆಯಲು ಕೈ ಬರಲಿಲ್ಲ. ಬೈಯಬೇಕೆನಿಸಿದರೆ ಬೈ.

ನಿನ್ನ ಪ್ರಶ್ನೆಗೆ ಉತ್ತರ: ಊರಿನ ದೊಡ್ಡವರಿಗೆ ಎರಡನೆಯದೇ ಹೆಚ್ಚು ಉರಿದಿತ್ತು. ‘ಅಲ್ಲಿಗೆ ಮತ್ತ ಹೋಗಿ ಕೈ ಒಡ್ಡತೀರೇನು’ ಎಂದರು. ಮುಷರ್ರಫ್ ಮಾಸ್ತರು ಮಾತ್ರ, ‘ಕೈ ಒಡ್ಡೋದಲ್ರಪ್ಪ, ಜವಾಬು ಒಯ್ಯೋದು. ಆ ರಾಮಲಿಂಗಪ್ಪನಂಥ ಪದ ಕಟ್ಟೋನು ಈ ಸೀಮ್ಯಾಗ ಇಲ್ಲ’ ಎನ್ನುತ್ತಿದ್ದರು. ನನ್ನ ಪತ್ರದಲ್ಲಿ ನಾನು ನನ್ನ ಮಾತು ಬರೆದೆ, ಗುರುವಿನ ಮಾತು ಬಿಟ್ಟೆ. ಅಂಗಡಿಯವನಿಗೆ ತನ್ನ ಚೀಲವೇ ಮುಂದೆ.

ಅವಸರವಿಲ್ಲ ಎಂದು ಬರೆದದ್ದೂ ಸುಳ್ಳು. ಮಾಸ್ತರಿಗೆ ಎಂಬತ್ತು ದಾಟಿದೆ, ಉಸಿರು ಹಿಡಿಯುತ್ತದೆ. ನಾನು ಹೋದಾಗಲೆಲ್ಲ ಸೊಸೆ ಹೀರಾಬಿ ಚಹಾ ಕೊಡುತ್ತಾಳೆ, ಮಾಸ್ತರು ಒಂದೇ ಮಾತು ಕೇಳುತ್ತಾರೆ: ‘ಸಿಕ್ತೇನೋ ವಿರೂಪಣ್ಣ?’ ಔಷಧಿ ಸಿಕ್ತೇನೋ ಎಂದು ಒಮ್ಮೆಯೂ ಕೇಳಿಲ್ಲ. ಈ ಮೊಹರಂಗೆ ದಪ್ಪು ಬರದಿದ್ದರೆ ಮುಂದಿನದಕ್ಕೆ ಅದನ್ನು ಯಾರ ಕೈಗೆ ಕೊಡಲಿ?

ಹುಡುಕು ಎಂದು ನಿನಗೆ ಹೇಳಲಾರೆ, ಹುಡುಕಬೇಡ ಎಂದಂತೂ ಹೇಳಲೇ ಆರೆ. ನಾವು ಸೋತ ದಪ್ಪನ್ನು ನಿಮ್ಮ ಅಜ್ಜಿ ಕಾಯಿಸುತ್ತ ಬಂದಿದ್ದಾರೆ ಎಂದು ಮಾಸ್ತರಿಗೆ ಓದಿ ಹೇಳಿದೆ. ಒರಗಿದ್ದವರು ಎದ್ದು ಕೂತರು. ಆಮೇಲೆ, ‘ಯಾವ ಕಡೀಗೆ ಹಿಡಿದು ಕಾಯಿಸ್ತಾಳ ಕೇಳು. ಎಡಕ್ಕ ಒಂದು ಹೊಲಿಗಿ ಅದ, ಅದು ಬಿಸಿ ತಡೀವಲ್ದು’ ಎಂದರು.

ಹೊಲಿಗೆ ಹಾಕಿದವನು ನಾನೇ, ಚೀಲ ಹೊಲಿಯುವ ದಬ್ಬಣದಿಂದ.

ನಿನ್ನ ವಿರೂಪಣ್ಣ


ರಾಯಚೂರು
೫ ಜೂನ್ ೨೦೨೫

ವಿರೂಪಣ್ಣ ಕಾಕಾ ಅವರಿಗೆ,

ಹೊಲಿಗೆಯ ಮಾತನ್ನು ಅಜ್ಜಿಗೆ ಹೇಳಿದೆ. ‘ಅದು ನನಗ ಗೊತ್ತಿಲ್ಲೇನು? ಆ ಕಡಿ ಒದ್ದಿ ಅರಿವಿ ಇಟ್ಟ ಕಾಯಿಸ್ತೀನಿ. ಯಾವ ಮೊದ್ದ ಹಾಕ್ಯಾನ ಆ ಹೊಲಿಗಿ’ ಎಂದರು. ಯಾರು ಹಾಕಿದ್ದೆಂದು ನಾನು ಹೇಳಲಿಲ್ಲ.

ಪುಸ್ತಕ ಸಿಕ್ಕಿದೆ.

ವಿಷಯದ ಸಾಲನ್ನು ಮುಖಪುಟ ನೋಡಿ ಊಹಿಸಿ ಬರೆಯಬಹುದು. ಮೊದಲಿನವರು ಹಾಗೇ ಬರೆದಿದ್ದಾರೆ. ರೂಪದ ಸಾಲನ್ನು ಊಹಿಸಲು ಬರುವುದಿಲ್ಲ, ಪುಸ್ತಕ ತೆರೆಯಲೇಬೇಕು. ಹಾಗೆ ತೆರೆಯುತ್ತ ಹೋದಾಗ ಒಂದು ತೆಳ್ಳನೆಯ ಪುಸ್ತಕದಲ್ಲಿ ಪದಗಳಿದ್ದವು. ಮುಖಪುಟದಲ್ಲಿ ಕರ್ತೃವಿನ ಹೆಸರಿಲ್ಲ, ಒಂದು ಕೊಡದ ಚಿತ್ರವಿದೆ ಅಷ್ಟೆ. ತಾತನ ಹೆಸರು ಬರುವುದು ಕೊನೆಯ ಪದದ ಕೊನೆಯ ಸಾಲಿನಲ್ಲಿ. ಹೆಸರು ಹಾಕಿ ಹುಡುಕಿದಾಗ ಸಿಗದಿದ್ದದ್ದು ಅದಕ್ಕೇ.

ನಿಜ ಹೇಳುತ್ತೇನೆ. ಅದನ್ನು ಕೆಲವು ದಿನ ನನ್ನ ಮೇಜಿನ ಮೇಲೆ ಮಗುಚಿ ಇಟ್ಟಿದ್ದೆ. ಇದ್ದಲ್ಲೇ ವಾಪಸು ಇಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ತಮ್ಮ ಗೌತಮ ಫೋನಿನಲ್ಲಿ, ‘ಅಕ್ಕಾ, ಉಣ್ಣೋದು ಜಾಲಹಳ್ಳಿ ಜ್ವಾಳ, ಪಕ್ಷ ಕವಿತಾಳದವರದೇನು?’ ಎಂದು ಚುಚ್ಚಿದ. ದಪ್ಪು ಹೋದರೆ ಅಜ್ಜಿಯ ಗೋಡೆ ಏನಾಗುತ್ತದೆ ಎಂದು ನನಗೂ ಅನಿಸಿತು. ಆದರೆ ತಾತ ಅದನ್ನು ಮನೆಯ ಪೆಟ್ಟಿಗೆಯಲ್ಲಿ ಇಡಲಿಲ್ಲ, ಇಲ್ಲಿ ತಂದುಕೊಟ್ಟ. ನಾಲ್ಕು ಜನ ಬಂದು ಹುಡುಕುವ ಜಾಗಕ್ಕೆ ಕೊಟ್ಟದ್ದನ್ನು ಮೊಮ್ಮಗಳು ಬಚ್ಚಿಡುವುದು ಯಾವ ನ್ಯಾಯ?

ಆದ್ದರಿಂದ ದಾಖಲೆ ತಿದ್ದಿದ್ದೇನೆ. ಹಂಪಣ್ಣ ಸರ್ ಹೊಸ ಹೆಸರಿಗೆ ಸಹಿ ಹಾಕಿದರು. ನಿಮ್ಮ ಬೇಳೆಯ ಮಾತು ಓದಿ ನಕ್ಕು ಹಾಕಿದರು. ಈಗ ‘ರಿವಾಯತ’ ಎಂದು ಒತ್ತಿದರೆ ಇದು ಬರುತ್ತದೆ:

ಹೆಸರು: ಕೊನೆಯವನಿಗೂ ನೀರು
ಕರ್ತೃ: ಜಾಲಹಳ್ಳಿ ರಾಮಲಿಂಗಪ್ಪ
ರೂಪ: ರಿವಾಯತ ಪದ, ಜವಾಬು
ಹಿಂದಿನ ವಿಷಯ: ನೀರಾವರಿ, ಎಡದಂಡೆ ಕಾಲುವೆ (ತೆಗೆದುಹಾಕಿದೆ)

ಹೌದು, ನಗಬೇಡಿ. ಹೆಸರು ನೋಡಿ ಕಾಲುವೆಯ ಕೊನೆ ಭಾಗದ ರೈತರ ಹೋರಾಟದ ಪುಸ್ತಕ ಎಂದುಕೊಂಡಿದ್ದಾರೆ.

ಒಳಗಿನದನ್ನು ನಾನು ಬರೆದು ಕಳಿಸುವುದಿಲ್ಲ. ಜಾಲಹಳ್ಳಿಯ ಮಗಳಾಗಿ ಅಷ್ಟು ಹಟ ನನಗಿರಲಿ. ಪುಸ್ತಕ ಇಲ್ಲಿದೆ, ಬಾಗಿಲು ತೆರೆದಿದೆ. ಎಲ್ಲ ಓದುಗರಂತೆ ಬಂದು ಓದಿರಿ.

ದುರ್ಗಾ


ಮಾನವಿ
೧೬ ಜೂನ್ ೨೦೨೫

ತಂಗಿ ದುರ್ಗಾ,

ನಗಬೇಡಿ ಎಂದು ನೀನು ಬರೆದೆ. ನಗಲಿಲ್ಲ, ಹಣೆ ಬಡಿದುಕೊಂಡೆ. ನಾನು ಮಾನವಿ ಭಾಗದ ಕೊನೆ ರೈತರ ಸಮಿತಿಯಲ್ಲಿ ಇದ್ದವನು. ಕಾಲುವೆ ನೀರಿಗೆ ಅರ್ಜಿ ಬರೆಯಲು ಹಳೆಯ ವರದಿ ಬೇಕೆಂದು ನಿಮ್ಮ ವಾಚನಾಲಯದ ನೀರಾವರಿ ಕಪಾಟಿನ ಮುಂದೆ ಎಷ್ಟು ಸಲ ನಿಂತಿದ್ದೇನೋ. ಆ ಪುಸ್ತಕದ ಬೆನ್ನಿಗೆ ನನ್ನ ಕೈ ತಾಗಿದ್ದರೂ ತಾಗಿರಬಹುದು. ತೆಳ್ಳಗಿದೆ, ಇದರಲ್ಲಿ ಅಂಕಿ ಅಂಶ ಏನಿದ್ದೀತು ಎಂದು ಬಿಟ್ಟಿರುತ್ತೇನೆ.

ನಿನ್ನ ಪತ್ರ ಬಂದ ದಿನವೇ ರಾಯಚೂರಿಗೆ ಹೊರಡುವವನಿದ್ದೆ. ಮೊದಲು ಕವಿತಾಳಕ್ಕೆ ಹೋಗಿ ಮಾಸ್ತರಿಗೆ ಹೇಳಿ ಹೋಗೋಣವೆಂದು ಆ ಕಡೆಯ ಬಸ್ಸು ಹಿಡಿದೆ. ಅವರು ಹಾಸಿಗೆಯಲ್ಲಿ ಒರಗಿ ಕೂತಿದ್ದರು. ‘ಸಿಕ್ತು ಮಾಸ್ತರ್, ಹೋಗಿ ಓದಿಕೊಂಡು ಬರ್ತೀನಿ’ ಎಂದೆ.

‘ಕುಂದ್ರು. ಕೇಳಿದವನ ಪುಸ್ತಕ ನೋಡಿ ಹಾಡಿದ್ರ ಅದು ಜವಾಬು ಹೆಂಗಾಗ್ತದ? ಅವನ ಮಾತು ಅವನಿಗೇ ಒಪ್ಪಿಸಿದಂಗ.’

ನನಗೆ ಸಿಟ್ಟು ಬಂತು. ನಲವತ್ತು ವರ್ಷ ಹುಡುಕಿದ್ದು ಇದಕ್ಕೇನು ಎಂದು ಕೂಗಿದೆ. ಹೀರಾಬಿ ಅಡುಗೆಮನೆಯಿಂದ ಓಡಿ ಬಂದಳು, ‘ಆಹಿಸ್ತಾ ಮಾತಾಡ್ರಿ ಕಾಕಾ, ಮಾಮಾರಿಗೆ ಉಸಿರು ಹತ್ತತದ’ ಎಂದು ಬೈದಳು. ಸಮಾಧಾನ ಮಾಡಲು ಮಾಸ್ತರೇ, ‘ಎಲ್ಲಿ ಇಟ್ಟಿದ್ರಂತ ಅದನ್ನ?’ ಎಂದು ಕೇಳಿದರು. ನಿನ್ನ ದಾಖಲೆಯ ನಾಲ್ಕು ಸಾಲನ್ನು ಓದಿದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ನೀರಾವರಿ ಎಂದಾಗ ಅವರ ಕಣ್ಣು ಸಣ್ಣದಾಯಿತು. ‘ಹೆಸರು ಇನ್ನೊಮ್ಮಿ ಓದು’ ಎಂದರು. ಓದಿದೆ. ಕೈಯಲ್ಲಿದ್ದ ಲೋಟ ನೋಡಿದರು, ನನ್ನ ಮುಖ ನೋಡಿದರು, ನಗಲು ಶುರು ಮಾಡಿದರು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ.

‘ಕೆಳಗ ನೋಡ್ರಿ ಅಂದಿದ್ದನಲ್ಲೋ ಹುಚ್ಚಾ! ನಮ್ಮ ಕೈಯಾಗೇ ಇತ್ತಲ್ಲೋ!’

ಏನು ಎಂದು ನಿನಗೆ ಬರೆಯುವುದಿಲ್ಲ. ನೀನು ಜಾಲಹಳ್ಳಿಯವಳು, ನನಗೂ ಹಟ ಇರಲಿ. ಮಾಸ್ತರು ತಮ್ಮದೇ ಪದ ಕಟ್ಟುತ್ತಿದ್ದಾರೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಪುಸ್ತಕ ಓದಲು ನಾನು ಬರುವುದಿಲ್ಲ. ಆದರೆ ನಮ್ಮ ಜವಾಬು ಸರಿಯೋ ತಪ್ಪೋ ಹೇಳಲು ಈಗ ಆ ಪುಸ್ತಕ ಬಿಟ್ಟರೆ ಯಾರಿದ್ದಾರೆ? ಅದನ್ನು ಹಬ್ಬಕ್ಕೆ ಜಾಲಹಳ್ಳಿಗೆ ತರಲು ಆಗುತ್ತದೆಯೆ?

ವಿರೂಪಣ್ಣ


ರಾಯಚೂರು
೨೪ ಜೂನ್ ೨೦೨೫

ವಿರೂಪಣ್ಣ ಕಾಕಾ ಅವರಿಗೆ,

ಪುಸ್ತಕ ಹೊರಗೆ ಹೋಗುವುದಿಲ್ಲ, ಇರುವುದು ಒಂದೇ ಪ್ರತಿ. ಜೆರಾಕ್ಸ್ ಮಾಡಿ, ಲಕೋಟೆಯಲ್ಲಿ ಹಾಕಿ ಅಂಟಿಸಿ ಗೌತಮನ ಕೈಗೆ ಕೊಟ್ಟಿದ್ದೇನೆ. ನಿಮ್ಮ ಮೇಳ ಹಾಡಿದ ಮೇಲೆ ಎಲ್ಲರ ಮುಂದೆ ಅವನು ಒಡೆದು ಓದುತ್ತಾನೆ. ತಪ್ಪಾಗಲಿ ಎಂದು ಹರಕೆ ಹೊತ್ತವನು ಅವನೇ, ಆದ್ದರಿಂದ ಮೊದಲೇ ಒಡೆದು ನಿಮಗೆ ಹೇಳುತ್ತಾನೆಂಬ ಹೆದರಿಕೆ ಬೇಡ.

ನಾನು ಬರುವುದಿಲ್ಲ. ಅಲ್ಲಿ ನಾನು ಮನೆಮಗಳು, ಇಲ್ಲಿ ಪುಸ್ತಕ ಕಾಯುವವಳು. ಒಂದೇ ಸಂಜೆ ಎರಡೂ ಆಗಲಾರೆ. ಏನಾಯಿತೆಂದು ಬರೆಯಿರಿ. ಬಿಡಿಸಿ ಬಿಡಿಸಿ ಬರೆಯಿರಿ, ಲೆಕ್ಕ ಒಪ್ಪಿಸುವವರಂತೆ ಚುಟುಕು ಮಾಡಬೇಡಿ.

ದುರ್ಗಾ


ಮಾನವಿ
೯ ಜುಲೈ ೨೦೨೫

ತಂಗಿ ದುರ್ಗಾ,

ನಾನೂ ಹೀರಾಬಿಯೂ ಮಾಸ್ತರನ್ನು ಕಾರಿನಲ್ಲಿ ಕರೆದುಕೊಂಡು ಹೋದೆವು. ಅಲಾಯಿ ಕುಣಿಯ ಹತ್ತಿರ ಕುರ್ಚಿ ಹಾಕಿದರು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು. ನಿಮ್ಮ ಅಜ್ಜಿ ದಪ್ಪನ್ನು ಸೆರಗಿನಲ್ಲಿ ಸುತ್ತಿ ತಾವೇ ತಂದರು. ಬೆಂಕಿಗೆ ಹಿಡಿದು ಕಾಯಿಸಿದರು, ಎಡಕ್ಕೆ ಒದ್ದೆ ಬಟ್ಟೆ ಇಟ್ಟು. ಮಾಸ್ತರು ನೋಡುತ್ತಲೇ ಇದ್ದರು.

‘ಯವ್ವಾ ಗೋಪಮ್ಮ, ಹಾಡಿದ ಮ್ಯಾಲ ಕೊಡಬೇಕು, ಈಗಲ್ಲ’ ಎಂದರು.

‘ಕೊಡತೀನಿ ಅಂತ ಯಾರು ಅಂದ್ರು? ಕಾಯಿಸಾಕತ್ತೀನಿ. ಮೊದ್ಲ ಇದ ಕುಡೀರಿ, ಗಂಟಲ ಒಣಗ್ಯಾದ’ ಎಂದು ನಿಮ್ಮ ಅಜ್ಜಿ ಒಂದು ಲೋಟ ಮುಂದೆ ಹಿಡಿದರು. ಬೆಲ್ಲ, ಬಡೇಸೋಪು ಹಾಕಿದ ಶರಬತ್ತು. ಹಬ್ಬಕ್ಕೆ ಬಂದವರಿಗೆಲ್ಲ ಕರೆದು ಕರೆದು ಕೊಡುತ್ತಿದ್ದರು.

ಮಾಸ್ತರು ಆ ಲೋಟವನ್ನು ಕುಡಿಯಲಿಲ್ಲ. ಎತ್ತಿ ಹಿಡಿದರು. ಹಾಡಿದರು:

ಕರ್ಬಲಾದ ಮಳಲಾಗ ಗುಟುಕು ಸಿಗಲಿಲ್ಲ
ಜಾಲಹಳ್ಳಿ ಓಣ್ಯಾಗ ಲೋಟ ತುಂಬ್ಯಾದ
ಕೈಯಾಗ ಹಿಡಕೊಂಡ ಮುಗಲ ನೋಡಿದಿವಿ
ಶರಬತ್ತು ಅಂದೀವಿ, ದಪ್ಪು ಕೊಡ್ರಪ್ಪ

ಕರ್ಬಲಾದಲ್ಲಿ ನೀರು ಬೇಡಿ, ಸಿಗದೆ ಬಾಯಾರಿ ಸತ್ತವರ ನೆನಪಿಗೇ ಅಲ್ಲವೆ ಮೊಹರಂನಲ್ಲಿ ಈ ಶರಬತ್ತು ಹಂಚುವುದು. ಮಾಸ್ತರಿಗೆ ಉಸಿರು ಸಾಲದ್ದರಿಂದ ಪ್ರತಿ ಸಾಲಿನ ಬಾಲವನ್ನು ನಾನು ಹಿಡಿದೆ. ನಮ್ಮ ದನಿ ನಿಂತ ಮೇಲೆ ಗೌತಮ ಲಕೋಟೆ ಒಡೆದ. ಒಳಗೊಳಗೇ ಓದಿದ. ಹುಡುಗನ ಮುಖ ಇಳಿಯಿತು, ಆಮೇಲೆ ಏನೋ ಬೇರೆಯಾಯಿತು. ‘ಸರಿ ಅದ’ ಎಂದ. ಕೊನೆಯ ಪದವನ್ನು ಗಟ್ಟಿಯಾಗಿ ಓದಿದ. ನೀನು ಓದಿರುವೆ, ನಮಗೆ ಹೇಳಲಿಲ್ಲ:

ಕವಿತಾಳದಣ್ಣಗಳು ತಡ ಮಾಡಿದರೇನ
ಕಾಯಿಸಿ ಇಟ್ಟೀವಿ, ಸಡಿಲಾಗಿಲ್ಲ ಚರ್ಮ
ನಿಮ್ಮ ದನಿ ಇಲ್ಲದ ನಮ್ಮ ಹೆಜ್ಜಿ ಕುಂಟ
ರಾಮಲಿಂಗ ಕಾದಾನ, ಲಗು ಬರ್ರಪ್ಪ

ಲಗು ಬರ್ರಿ ಎಂದು ಅಚ್ಚು ಹಾಕಿಸಿ ಇಟ್ಟಿದ್ದಾನೆ, ನಾವು ಕಾಲುವೆ ನೀರು ಹುಡುಕಿಕೊಂಡು ಅದರ ಮುಂದೆ ಓಡಾಡಿದ್ದೇವೆ. ಆತನನ್ನು ಬಾಯಿಬಡುಕ ಎಂದು ಬರೆದ ಕಾಗದವನ್ನು ನೀನು ಕಡತದಲ್ಲಿ ಹಾಕಿದ್ದರೆ ದಯವಿಟ್ಟು ಹಾಗೇ ಇರಲಿ. ಅದರ ಪಕ್ಕ ಇದನ್ನೂ ಇಡು.

ದಪ್ಪು ಬಂತು. ಮಾಸ್ತರು ಒಂದೇ ಒಂದು ಪೆಟ್ಟು ಹಾಕಿದರು. ಇನ್ನು ನಮ್ಮ ಸರದಿ. ಕಟ್ಟಳೆಯಂತೆ ಅವರು ಸವಾಲು ಹಾಕಿದರು: ‘ದಪ್ಪು ಒಯ್ದ ಮ್ಯಾಲ ಗೂಟದ ಮ್ಯಾಲ ಉಳಿದದ್ದು ಯಾವುದು?’ ನಿಮ್ಮವರು ನೆನಪು ಎಂದರು, ಧೂಳು ಎಂದರು, ಗೌತಮ ಗೋಡೆ ಎಂದ. ಯಾವುದೂ ಅಲ್ಲ. ಹೀಗಾಗಿ ಜಾಲಹಳ್ಳಿಯ ದಪ್ಪು ಈಗ ಕವಿತಾಳದಲ್ಲಿ, ಮಾಸ್ತರ ಮಂಚದ ಮೇಲಿನ ಗೂಟದಲ್ಲಿದೆ. ಹೇಗೆ ಕಾಯಿಸಬೇಕೆಂದು ನಿಮ್ಮ ಅಜ್ಜಿ ಹೀರಾಬಿಗೆ ಕಲಿಸಿ, ನನ್ನನ್ನು ದಪ್ಪಿನ ಹತ್ತಿರ ಬಿಡಬೇಡ ಎಂದೂ ಹೇಳಿ ಕಳಿಸಿದ್ದಾರೆ. ಹೊಲಿಗೆ ಯಾರದೆಂದು ಗೊತ್ತಾಗಿದೆ.

ಮಾಸ್ತರ ಜವಾಬನ್ನೂ ಸವಾಲನ್ನೂ ಚೆನ್ನಾದ ಕಾಗದದಲ್ಲಿ ಎರಡು ಪುಸ್ತಿಕೆಯಾಗಿ ಬರೆಸಿ ಇದರ ಜೊತೆ ಕಳಿಸಿದ್ದೇನೆ. ಮುಖಪುಟದ ಮೇಲೆ ಹೆಸರು ದೊಡ್ಡದಾಗಿದೆ, ಒಳಗೇನಿದೆ ಎಂದೂ ಬರೆದಿದೆ. ಚೀಲ ನೋಡಿದವರಿಗೆ ಕಾಳು ತಿಳಿಯಲಿ.

ವಿರೂಪಣ್ಣ


ರಾಯಚೂರು
೨೧ ಜುಲೈ ೨೦೨೫

ವಿರೂಪಣ್ಣ ಕಾಕಾ,

ನಿಮ್ಮ ಎರಡೂ ಪುಸ್ತಿಕೆ ದಾಖಲಾದವು. ಜವಾಬಿನ ದಾಖಲೆಯಲ್ಲಿ ‘ಜೊತೆ’ ಎಂಬ ಸಾಲಿನಲ್ಲಿ ತಾತನ ಪುಸ್ತಕದ ಸಂಖ್ಯೆ ಇದೆ, ತಾತನ ದಾಖಲೆಯಲ್ಲಿ ಮಾಸ್ತರದು. ಒಂದನ್ನು ತೆರೆದವರಿಗೆ ಇನ್ನೊಂದು ಸಿಗುತ್ತದೆ. ಸವಾಲಿನ ದಾಖಲೆಯಲ್ಲಿ ಆ ಸಾಲು ಖಾಲಿ. ‘ಖಾಲಿ ಬಿಡೋ ಹಂಗಿಲ್ಲ, ಏನರ ಹಾಕವ್ವಾ’ ಎಂದರು ಹಂಪಣ್ಣ ಸರ್. ‘ಇನ್ನೂ ಬಂದಿಲ್ಲ’ ಎಂದು ಹಾಕಿದ್ದೇನೆ.

ಭಾನುವಾರ ಊರಿಗೆ ಹೋಗಿದ್ದೆ. ಅಜ್ಜಿ ಗೂಟದ ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದರು. ಅಳುತ್ತಿದ್ದಾರೇನೋ ಎಂದು ಹತ್ತಿರ ಹೋದೆ. ‘ಸುಮ್ಕಿರು, ನೋಡಾಕತ್ತೀನಿ’ ಎಂದರು. ಎದ್ದು ಬೆರಳಿನಿಂದ ಗೂಟ ಮುಟ್ಟಿದರು, ಮೂಸಿದರು, ಬಾಗಿಲು ತೆರೆದು ಬೆಳಕು ಬಿಟ್ಟು ನೋಡಿದರು. ‘ಮುಷರ್ರಫ್ ದರ್ಜಿ ಮನುಷ್ಯ. ಮ್ಯಾಲಿಂದು ಕೇಳೂದಿಲ್ಲ ಆತ, ಇಲ್ಲೇ ಎಲ್ಲೋ ಅದ’ ಎಂದರು. ಗೌತಮನೂ ಕಬ್ಬಿಣದ ಮೊಳೆಯಿಂದ ಗೋಡೆ ಕೆರೆದು ನೋಡಿ ಬೈಸಿಕೊಂಡಿದ್ದಾನೆ.

ಮಾಸ್ತರಿಗೆ ಹೇಳಿ, ಆರೋಗ್ಯ ನೋಡಿಕೊಂಡಿರಲಿ. ಜಾಲಹಳ್ಳಿಯವರು ಜವಾಬು ತಂದಾಗ ಸರಿಯೋ ತಪ್ಪೋ ಹೇಳಲು ಅವರೇ ಬೇಕು. ಅಚ್ಚು ಹಾಕಿಸುವ ಯೋಚನೆ ಇದ್ದರೆ ಒಂದು ಪ್ರತಿ ನಮಗೆ ಕೊಡಲಿ. ಎಲ್ಲಿ ಇಡುತ್ತೇನೆಂದು ಮಾತ್ರ ಕೇಳಬೇಡಿ.

ನಾನೂ ಹುಡುಕುತ್ತಿದ್ದೇನೆ. ಈ ಸಲ ನೀರಾವರಿ ಕಪಾಟಿನಿಂದ ಶುರು ಮಾಡಿದ್ದೇನೆ.

ದುರ್ಗಾ